ಏಳನೇ ಕಾರ್ಡಿನ ಗಂಡಸು

ಬುಧವಾರ ಬೆಳಿಗ್ಗೆ ಗಂಡ ಅವಳಿಗೆ ಬೆನ್ನು ಮಾಡಿ ನಿಂತು ಹಾಲು ಕಾಯಿಸುತ್ತಿದ್ದಾಗ, ಒಂದು ಕ್ಷಣ ಅವಳಿಗೆ ಅಡುಗೆಮನೆಯಲ್ಲಿ ಯಾರೋ ಹೊರಗಿನವರು ನಿಂತಿದ್ದಾರೆ ಅನ್ನಿಸಿತು. ಅವನು ಕೂದಲು ಕತ್ತರಿಸಿಕೊಂಡು ಬಂದು ಮೂರು ದಿನವಾಗಿತ್ತು. ಹತ್ತೊಂಬತ್ತು ವರ್ಷ ಹೆಗಲಿನವರೆಗೆ ಬಿದ್ದಿದ್ದ ಕೂದಲಿನ ಅಡಿಯಲ್ಲಿ ಬಿಸಿಲೇ ಕಾಣದೆ ಉಳಿದ ಕುತ್ತಿಗೆ, ಬ್ಯಾಂಡೇಜು ಬಿಚ್ಚಿದ ಬೆರಳಿನ ಹಾಗೆ ಬಿಳಿಚಿಕೊಂಡಿತ್ತು. ಕಿವಿಗಳು ಅವಳು ಅಂದುಕೊಂಡಿದ್ದಕ್ಕಿಂತ ದೊಡ್ಡವು. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯನ ಕಿವಿ ಎಷ್ಟು ದೊಡ್ಡದು ಅಂತ ತನಗೆ ಗೊತ್ತಿರಲಿಲ್ಲವಲ್ಲ ಎಂದು ಅವಳಿಗೆ ಒಂಥರಾ ನಾಚಿಕೆಯಾಯಿತು. ಅವನು ಉರಿ ಸಣ್ಣದು ಮಾಡಲು ಬಗ್ಗಿದ. ಬಗ್ಗುವಾಗ ಹಳೆಯ ಅಭ್ಯಾಸಕ್ಕೆ ಎಡಗೈ ತಾನಾಗಿ ಹಿಂದಕ್ಕೆ ಹೋಗಿ ಕೂದಲನ್ನು ಒಟ್ಟು ಮಾಡಿ ಹಿಡಿಯಲು ನೋಡಿತು. ಅಲ್ಲೇನಿದೆ ಹಿಡಿಯಲು. ಕೈ ಕುತ್ತಿಗೆಯ ಹತ್ತಿರ ಸ್ವಲ್ಪ ಹೊತ್ತು ದಿಕ್ಕು ತೋಚದೆ ನಿಂತು, ಆಮೇಲೆ ತುರಿಕೆಯಾದವರ ಹಾಗೆ ಒಂದೆರಡು ಸಲ ಕೆರೆದು ಕೆಳಗಿಳಿಯಿತು. ನೋಡಬಾರದ್ದನ್ನು ನೋಡಿದ ಹಾಗಾಗಿ ಅವಳು ಲೋಟ ತೊಳೆಯುವುದಕ್ಕೆ ತಿರುಗಿಕೊಂಡಳು. "ಏನು ನೋಡ್ತಿದ್ದೆ?" ಅಂದ. "ಏನಿಲ್ಲ. ಚೆನ್ನಾಗಿದೆ." "ಮೂರು ದಿನದಿಂದ ಚೆನ್ನಾಗಿದೆ ಚೆನ್ನಾಗಿದೆ ಅಂತ ಗೋಡೆಗೇ ಹೇಳ್ತಿದೀಯ. ಒಂದ್ಸಲ ಈ ಕಡೆ ತಿರುಗಿ ಹೇಳು." ಅವನು ತಮಾಷೆಗೇ ಹೇಳಿದ್ದು. ಅವಳು ತಿರುಗಿ, ಅವನ ಅಂಗಿಯ ಗುಂಡಿಯನ್ನು ನೋಡುತ್ತಾ, ಚೆನ್ನಾಗಿದೆ ಅಂದಳು.

ಉಳಿದವರಿಗೆಲ್ಲ ನಿಜಕ್ಕೂ ಚೆನ್ನಾಗಿ ಕಂಡಿತ್ತು, ಅದೇ ತೊಂದರೆ. ಗಂಡಸಿನ ಕೂದಲಿನ ವಿಷಯದಲ್ಲಿ ಇಷ್ಟೊಂದು ಹೆಂಗಸರು ಇಷ್ಟು ವರ್ಷದಿಂದ ಬಾಯಿ ಬಿಗಿಹಿಡಿದು ಕೂತಿದ್ದರು ಅನ್ನುವುದು ಅವಳಿಗೆ ಗೊತ್ತಾಗಿದ್ದೇ ಈಗ. ನಾದಿನಿ ಭಾನುವಾರ ಸಂಜೆಯೇ ಬಂದು ಅಣ್ಣನನ್ನು ಸುತ್ತಿ ಸುತ್ತಿ ನೋಡಿ, "ಅಬ್ಬ, ಅಪ್ಪನ ಕಳೆ ಬಂತು ನೋಡು, ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ದೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಕೆಳಗಿನ ಮನೆಯ ಹೊಲಿಗೆಯಾಕೆ ಮೆಟ್ಟಿಲಿನಲ್ಲಿ ತಡೆದು ನಿಲ್ಲಿಸಿ, "ಈಗ ನೋಡಿ, ಸಂಸಾರಸ್ಥರ ಹಾಗೆ ಕಾಣ್ತಾರೆ" ಅಂದಳು. ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸದವನು. ಅಂಗಡಿಯ ಒಡತಿ ಸೋಮವಾರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಾಳೆಯಿಂದ ಮುಂದಿನ ಕೌಂಟರಿನಲ್ಲೂ ಒಂದು ಗಂಟೆ ನಿಲ್ಲಬಹುದಲ್ಲ ಅಂದಳಂತೆ. ಹದಿನಾಲ್ಕು ವರ್ಷದಲ್ಲಿ ಬಾರದಿದ್ದ ಯೋಚನೆ. ಅವಳ ಅಮ್ಮನಂತೂ ಫೋನಿನಲ್ಲಿ ದೊಡ್ಡ ಉಸಿರುಬಿಟ್ಟಳು. ಮದುವೆಯ ಮಾತು ಬಂದ ದಿನ ಅಮ್ಮ ಬಾಗಿಲ ಮರೆಯಲ್ಲಿ ಅವಳ ಕೈ ಹಿಡಿದು ಎಳೆದು, "ಹುಡುಗ ಒಳ್ಳೆಯವನೇ ಕಣೆ, ಆದರೆ ಹಿಂದಿನಿಂದ ನೋಡಿದ್ರೆ ನಿನ್ನ ಅಕ್ಕ ಅಂತಾರೆ" ಅಂದಿದ್ದಳು. ಅವಳು ಆಗ ಎಷ್ಟು ನಕ್ಕಿದ್ದಳು. ಅನ್ನಲಿ ಬಿಡು, ನಂಗೂ ಒಬ್ಬಳು ಅಕ್ಕ ಬೇಕಿತ್ತು ಅಂದಿದ್ದಳು. ಆ ನಕ್ಕವಳು ಎಲ್ಲಿ ಹೋದಳು ಅನ್ನುವುದು ಮೂರು ದಿನದಿಂದ ಅವಳನ್ನು ಕೊರೆಯುತ್ತಿದ್ದ ಪ್ರಶ್ನೆ. ಅವನು ಹಾಲಿನ ಲೋಟ ಅವಳ ಕಡೆ ಸರಿಸಿ ಚಪ್ಪಲಿ ಹಾಕಿಕೊಂಡು ಹೊರಟ.

ಅವಳ ಆಫೀಸು ಎರಡನೇ ಮಹಡಿಯಲ್ಲಿತ್ತು: ಉದ್ದನೆಯ ಒಂದು ಕೋಣೆ, ಆರು ಮೇಜು, ಕಿಟಕಿಯಾಚೆ ಬರೀ ಪೈಪುಗಳಿದ್ದ ಒಂದು ಗೋಡೆ. ಜನರ ಅಭಿಪ್ರಾಯ ಕೇಳಿ, ಒಟ್ಟು ಮಾಡಿ, ಬೇಕಾದ ಕಂಪನಿಗಳಿಗೆ ಒದಗಿಸುವುದು ಅಲ್ಲಿಯ ಕಸುಬು. ಸೋಪಿನ ವಾಸನೆ ಹೇಗಿರಬೇಕು, ಬಿಸ್ಕತ್ತು ಮುರಿಯುವಾಗ ಸದ್ದು ಬರಬೇಕೋ ಬೇಡವೋ, ಇಂಥವು. ಹೊರಗೆ ಹೋಗಿ ಪ್ರಶ್ನೆ ಕೇಳುವ ಹೆಂಗಸರು ಬೇರೆ ಇದ್ದರು. ಅವರು ತಂದ ಹಾಳೆಗಳಲ್ಲಿ ಜನ ಆಡಿದ ಮಾತು ಆಡಿದ ಹಾಗೇ ಇರುತ್ತಿತ್ತು. ಆ ಮಾತು ಓದಿ ಪಕ್ಕದ ಚೌಕದಲ್ಲಿ ಒಂದು ಅಂಕಿ ಹಾಕುವುದು ಅವಳ ಕೆಲಸ. ಮೆಚ್ಚುಗೆಗೆ ಒಂದು, ಬೇಸರಕ್ಕೆ ಎರಡು, ನಂಬಿಕೆಗೆ ಮೂರು, ಅನುಮಾನಕ್ಕೆ ನಾಲ್ಕು, ಹೀಗೆ ಎಂಟರ ತನಕ. ಯಾವುದಕ್ಕೂ ಒಗ್ಗದ ಮಾತಿಗೆ ಒಂಬತ್ತು. ಹನ್ನೊಂದು ವರ್ಷದಿಂದ ಅದನ್ನೇ ಮಾಡಿ ಮಾಡಿ ಅವಳಿಗೆ ಬಸ್ಸಿನಲ್ಲಿ ಪಕ್ಕದವರು ಮಾತಾಡಿಕೊಂಡರೂ ಮನಸ್ಸಿನಲ್ಲಿ ಅಂಕಿ ಬೀಳುತ್ತಿತ್ತು. ಅಮ್ಮನ ಫೋನು ಬಂದರೆ ಎರಡು, ನಾಲ್ಕು, ಎರಡು, ಒಂಬತ್ತು. ಇದನ್ನು ಒಮ್ಮೆ ಗಂಡನಿಗೆ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕು, ಆಮೇಲೆ ಒಂದು ವಾರ ಏನು ಮಾತಾಡಿದರೂ ಕೊನೆಯಲ್ಲಿ "ಇದಕ್ಕೆಷ್ಟು?" ಅಂತ ಕೇಳುತ್ತಿದ್ದ.

ಈ ಸಲದ ಕೆಲಸ ತಲೆಗೆ ಹಚ್ಚುವ ಎಣ್ಣೆ ಮಾಡುವ ಒಂದು ಕಂಪನಿಯದು. ಗಂಡಸರ ಕೂದಲು ಎಷ್ಟುದ್ದ ಇದ್ದರೆ, ಹೇಗಿದ್ದರೆ ಹೆಂಗಸರಿಗೆ ಹಿಡಿಸುತ್ತದೆ ಅಂತ ಅವರಿಗೆ ತಿಳಿಯಬೇಕಿತ್ತು. ಹನ್ನೆರಡು ಗಂಡಸರ ಮುಖದ ಹನ್ನೆರಡು ಕಾರ್ಡು. ಇನ್ನೂರ ನಲವತ್ತು ಹೆಂಗಸರು. ಪ್ರತಿ ಕಾರ್ಡಿಗೂ ಮೂರು ಪ್ರಶ್ನೆ. ಈತ ಬಾಗಿಲು ತಟ್ಟಿದರೆ ತೆಗೆಯುತ್ತೀರಾ? ಈತನ ಜೊತೆ ಬೀದಿಯಲ್ಲಿ ನಡೆಯಲು ನಿಮಗೆ ಸಂಕೋಚವೇ? ಈತನನ್ನು ನೋಡಿದರೆ ಏನನ್ನಿಸುತ್ತದೆ, ನಿಮ್ಮ ಮಾತಿನಲ್ಲಿ ಹೇಳಿ. ಏಳನೇ ಕಾರ್ಡು ನಲವತ್ತು ದಾಟಿದ, ಹೆಗಲವರೆಗೆ ಕೂದಲಿದ್ದ ಗಂಡಸಿನದಾಗಬೇಕಿತ್ತು. ಅಚ್ಚಿಗೆ ಹೋಗುವ ಬೆಳಿಗ್ಗೆ ನೋಡಿದರೆ ಆ ಫೋಟೊದಲ್ಲಿ ಮನುಷ್ಯನ ಅರ್ಧ ಮುಖ ಮಸುಕು. ಇನ್ನೊಬ್ಬನನ್ನು ಎಲ್ಲಿಂದ ತರುವುದು ಅಂತ ಎಲ್ಲರೂ ತಲೆ ಮೇಲೆ ಕೈ ಹೊತ್ತುಕೊಂಡಿದ್ದಾಗ ಅವಳ ಕೈ, ಅವಳನ್ನು ಕೇಳದೆಯೇ ಅನ್ನುವ ಹಾಗೆ, ಫೋನು ತೆಗೆದು ಒಂದು ಫೋಟೊ ಹುಡುಕಿ ಕೊಟ್ಟಿತು. ಹಿಂದೊಂದು ಭಾನುವಾರದ ಬಿಸಿಲಲ್ಲಿ ಕಿಟಕಿಯ ಹತ್ತಿರ ಗಂಡ ಗಾಜಿನ ಚೂರೊಂದನ್ನು ಬೆಳಕಿಗೆ ಹಿಡಿದು, ಅವಳು ಕರೆದಾಗ ಈ ಕಡೆ ತಿರುಗಿದ್ದು. ಹೆಗಲಿನಿಂದ ಕೆಳಗಿನದನ್ನು ಕತ್ತರಿಸಿದರು. ಮೇಲ್ವಿಚಾರಕಿ ಸದಾ ಕೈಯಲ್ಲೊಂದು ಗಡಿಯಾರ ಹಿಡಿದು ಓಡಾಡುವವಳಾದ್ದರಿಂದ ಅವಳಿಗೆ ಗಡಿಯಾರದಮ್ಮ ಅಂತಲೇ ಹೆಸರು. ಗಡಿಯಾರದಮ್ಮ ಪರದೆಯ ಹತ್ತಿರ ಬಗ್ಗಿ, "ಯಾರಿದು?" ಅಂದಳು. ಕೋಣೆಯಲ್ಲಿ ಇನ್ನೂ ನಾಲ್ಕು ಜನ ಇದ್ದರು. "ಗುರುತಿನವರು" ಅಂದಳು ಅವಳು. ಯಾಕೆ ಹಾಗಂದೆ ಅಂತ ಆಮೇಲೆ ಎಷ್ಟು ಕೇಳಿಕೊಂಡರೂ ಒಂದೇ ಉತ್ತರ: ಇವರೆಲ್ಲ ಆ ಮುಖವನ್ನು ನೋಡಿ, ಆಮೇಲೆ ತನ್ನನ್ನು ನೋಡುವುದು ಅವಳಿಗೆ ಬೇಡವಾಗಿತ್ತು.

ಉಳಿದ ಹನ್ನೊಂದು ಕಾರ್ಡುಗಳಿಗೆ ಹೆಂಗಸರು ಮೂರು ಮಾತು, ನಾಲ್ಕು ಮಾತು ಹೇಳಿ ಮುಗಿಸಿದ್ದರು. ಏಳನೆಯದಕ್ಕೆ ಮಾತ್ರ ಎಲ್ಲರಿಗೂ ಬಾಯಿ ಬಂದಿತ್ತು. "ಬಾಚಣಿಗೆ ತಗೊಂಡು ಹಿಂದೆ ಹಿಂದೆ ಹೋಗಬೇಕು ಅನ್ಸುತ್ತೆ" ಅಂದಿದ್ದಳು ಒಬ್ಬಳು ನಿವೃತ್ತ ಹೆಡ್‌ಮೇಡಂ. ಆಸ್ಪತ್ರೆಯ ನರ್ಸೊಬ್ಬಳು, "ಕೂದಲು ಸ್ವಚ್ಛವಾಗಿದೆ. ಇಷ್ಟು ಸ್ವಚ್ಛ ಇಟ್ಕೊಳ್ಳೋ ಗಂಡಸು ಮನೇಲಿ ಕೆಲಸ ಮಾಡಲ್ಲ" ಅಂದಿದ್ದಳು. ಅದನ್ನು ಓದಿ ಅವಳಿಗೆ ಸಿಟ್ಟು ಬಂತು. ಮಾಡ್ತಾನೆ ಕಣಮ್ಮ, ಹಾಲು ಅವನೇ ಕಾಯಿಸೋದು ಅಂತ ಹಾಳೆಗೇ ಹೇಳಿದಳು. ಒಬ್ಬಾಕೆ, "ಇವನ ಹೆಂಡತಿಗೆ ಕೂದಲು ಕಮ್ಮಿ ಇರ್ಬೇಕು, ಅದಕ್ಕೇ ಆ ಪಾಲೂ ಇವನೇ ಬೆಳೆಸಿದಾನೆ" ಅಂದದ್ದನ್ನು ಓದಿ ಕೈ ತಾನಾಗಿ ತಲೆ ಮುಟ್ಟಿ ನೋಡಿಕೊಂಡಿತು. ಬ್ಯಾಂಕಿನ ಗುಮಾಸ್ತೆ: "ಬಾಗಿಲು ತೆಗೀತೀನಿ, ಆದರೆ ಸರಪಳಿ ಹಾಕಿರ್ತೀನಿ." ಕಾಲೇಜಿನ ಹುಡುಗಿ: "ನಮ್ಮಪ್ಪನೂ ಹೀಗೆ ಬಿಟ್ಟಿದ್ರೆ ನಾನವರ ಹತ್ರ ಎಲ್ಲಾ ಹೇಳ್ತಿದ್ದೆ." ತರಕಾರಿ ಮಾರುವಾಕೆ: "ಕಣ್ಣು ಒಳ್ಳೇದು. ಕೂದಲು ಹೋದ್ರೂ ಕಣ್ಣು ಇರುತ್ತಲ್ಲ, ಅದು ನೋಡಿ." ವಿಧವೆಯೊಬ್ಬಳು, ಈ ಕಾರ್ಡು ನಾನು ಇಟ್ಕೋಬಹುದಾ ಅಂತ ಕೇಳಿದಳು ಎಂದು ಪ್ರಶ್ನೆ ಕೇಳಿದಾಕೆ ಅಂಚಿನಲ್ಲಿ ಬರೆದಿದ್ದಳು. ಅದಕ್ಕೆ ಒಂದು ಹಾಕಬೇಕೋ ಮೂರು ಹಾಕಬೇಕೋ ತಿಳಿಯದೆ ಒಂಬತ್ತು ಹಾಕಿದಳು. ತನ್ನ ಗಂಡನನ್ನು ಇನ್ನೂರ ನಲವತ್ತು ಮನೆಗಳ ಹೊಸಿಲಲ್ಲಿ ನಿಲ್ಲಿಸಿ, ಒಳಗೆ ಬಿಡ್ತೀರಾ ಅಂತ ಕೇಳಿಸಿದ್ದಳು. ಅವನಿಗೆ ಗೊತ್ತೇ ಇಲ್ಲ. ಪ್ರತಿದಿನ ಸಂಜೆ ಮನೆಗೆ ಹೋದರೆ ಅವನು, ಇವತ್ತೇನು ಸೋಪಾ ಬಿಸ್ಕತ್ತಾ ಅಂತ ಕೇಳುತ್ತಿದ್ದ. ಎಣ್ಣೆ ಅನ್ನುತ್ತಿದ್ದಳು.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಪ್ರಶ್ನೆಗಳು ಹೊರಗೆ ಹೋಗುವ ಮೊದಲು ಒಳಗಿನವರಲ್ಲೇ ಯಾರಾದರೂ ಒಬ್ಬಳು ಸಾಧಾರಣ ಹೆಂಗಸಿನಂತೆ ಕೂತು, ಒಂದು ಹಾಳೆ ಪೂರ್ತಿ ತುಂಬಿಸಬೇಕು. ಎಷ್ಟು ನಿಮಿಷ ಹಿಡಿಯುತ್ತದೆ ಅಂತ ನೋಡುವುದಕ್ಕೆ. ಆ ಸಲ ಅವಳ ಸರದಿ. ಗಡಿಯಾರದಮ್ಮ ಪಕ್ಕದಲ್ಲಿ ನಿಂತು ಗಡಿಯಾರದ ಗುಂಡಿ ಒತ್ತಿದಳು. ಆರು ಕಾರ್ಡು ಸರಸರ ಮುಗಿಯಿತು. ಏಳನೆಯದು ಬಂದಾಗ ನಿಂತರೆ ಅನುಮಾನ ಬರುತ್ತದೆ ಅಂತ ಅವಳು ನಿಲ್ಲಲಿಲ್ಲ. ಬಾಗಿಲು? ತೆಗೆಯುವುದಿಲ್ಲ. ಬೀದಿಯಲ್ಲಿ ನಡೆಯಲು? ಸಂಕೋಚ. ಗುರುತಿಲ್ಲದವಳು ಹಾಗೇ ತಾನೆ ಬರೆಯಬೇಕು, ಇದು ನಾಟಕ ತಾನೆ ಅಂದುಕೊಳ್ಳುತ್ತಲೇ ಬರೆದಳು. ಮೂರನೆಯದಕ್ಕೆ ಪೆನ್ನು ಒಂದು ಚೂರೂ ತಡವರಿಸದೆ ಓಡಿತು: "ಏನೋ ಆಗಬೇಕು ಅಂತ ಹೊರಟು, ಆಗದೆ, ಕೂದಲು ಮಾತ್ರ ಉಳಿಸಿಕೊಂಡವನ ಹಾಗೆ ಕಾಣ್ತಾನೆ." ಬರೆದು ಎಂಟನೇ ಕಾರ್ಡಿಗೆ ಹೋದಳು. ನಾಟಕದಲ್ಲಿ ಇಷ್ಟು ಸಲೀಸಾಗಿ ಮಾತು ಬರುತ್ತದೆಯೇ? ಅವನು ಇಪ್ಪತ್ತೇಳನೇ ವಯಸ್ಸಿನಲ್ಲಿ ತನ್ನ ಕೈಯಾರೆ ಗಾಜು ಉಜ್ಜಿ ದೊಡ್ಡದೊಂದು ದುರ್ಬೀನು ಮಾಡುತ್ತೇನೆ ಅಂತ ಹೊರಟವನು. ಆಗ ಹಗಲೂ ರಾತ್ರಿ ಅದೇ ಕೆಲಸ, ಕ್ಷೌರಕ್ಕೆ ಹೋಗಲು ಪುರಸೊತ್ತಿಲ್ಲದೆ ಕೂದಲು ಬೆಳೆಯಿತು. ಕೂದಲು ಬೆಳೆದಷ್ಟು ದುರ್ಬೀನು ಬೆಳೆಯಲಿಲ್ಲ. ಅರ್ಧ ಉಜ್ಜಿದ ಆ ದಪ್ಪ ಗಾಜು ಹಳೆಯ ಟವೆಲಿನಲ್ಲಿ ಸುತ್ತಿ ಮಂಚದ ಕೆಳಗೆ ಇದೆ, ಗುಡಿಸುವಾಗಲೆಲ್ಲ ಪೊರಕೆಗೆ ತಾಗುತ್ತದೆ. ಅವಳು ಒಂದು ದಿನವೂ ಅದರ ಮಾತು ಎತ್ತಿದವಳಲ್ಲ, ಅದೊಂದು ದೊಡ್ಡಗುಣ ಅಂತಲೇ ತಿಳಿದಿದ್ದಳು. ಎತ್ತದೆ ಇದ್ದ ಮಾತೆಲ್ಲ ಒಳಗೆ ಕೂತು ಹೀಗೆ ಒಂದು ಸಾಲಾಗಿ ಪಳಗಿದೆ ಅಂತ ಅವಳಿಗೇನು ಗೊತ್ತು. ಕಡೆಗೆ ಹಾಳೆಗಳ ಲೆಕ್ಕ ಇನ್ನೂರ ಮೂವತ್ತೊಂಬತ್ತಕ್ಕೆ ನಿಂತಾಗ ಗಡಿಯಾರದಮ್ಮ, "ನಿನ್ನದನ್ನೂ ಸೇರಿಸಿಬಿಡು, ನೀನೂ ಹೆಂಗಸೇ ತಾನೆ" ಅಂದಳು. ಇನ್ನೂರ ನಲವತ್ತನೇ ಹಾಳೆ ಅವಳದು. ತನ್ನ ಮಾತಿಗೆ ತಾನೇ ಅಂಕಿ ಹಾಕಬೇಕಾಯಿತು. ಎರಡು ಹಾಕಿದಳು.

ಬರೆದದ್ದು ಹಾಳೆಯಲ್ಲೇ ಉಳಿದಿದ್ದರೂ ಆಗುತ್ತಿತ್ತು. ಕಳೆದ ಶನಿವಾರ ಮಧ್ಯಾಹ್ನ, ತಿಂಗಳಿಗೊಮ್ಮೆ ಮಾಡುವ ಹಾಗೆ, ಅವನು ಬಾಲ್ಕನಿಯಲ್ಲಿ ಪೇಪರು ಹಾಸಿ, ಸ್ಟೂಲು ಎಳೆದು, ಅವಳ ಕೈಗೆ ಕತ್ತರಿ ಕೊಟ್ಟು ಕೂತ. ಸೀಳಿದ ತುದಿಗಳನ್ನು ಒಂದು ಬೆರಳಿನಷ್ಟು ಸಮ ಮಾಡುವುದು ಅವಳ ಕೆಲಸ. ಒದ್ದೆ ಕೂದಲು ಅವಳ ಮುಷ್ಟಿಯಲ್ಲಿತ್ತು. ಎರಡು ವಾರದಿಂದ ಹೆಂಗಸರ ಮಾತು ಓದಿ ಓದಿ ತಲೆ ತುಂಬಿಹೋಗಿತ್ತು, ಹಿಂದಿನಿಂದ ನೋಡಿದಾಗ ಅದು ಗಂಡನ ತಲೆಯಾಗಿ ಕಾಣಲೇ ಇಲ್ಲ, ಏಳನೇ ಕಾರ್ಡಾಗಿ ಕಂಡಿತು. ಅವನು ಏನೋ ಕೇಳಿದ, ಈ ಸಲ ಸ್ವಲ್ಪ ಜಾಸ್ತಿ ಕತ್ತರಿಸ್ತೀಯಾ, ಏನಂತೀಯ, ಹಾಗೇನೋ. ಅವಳು ಬಾಯಿ ತೆಗೆದಳು, ಆ ಸಾಲು ಬಂತು. ಇಡಿಯಾಗಿ, ಒಂದು ಅಕ್ಷರ ತಪ್ಪದೆ. ಕೊನೆಯಲ್ಲಿ ಮಾತ್ರ ಕಾಣ್ತಾನೆ ಹೋಗಿ ಕಾಣ್ತೀಯ ಆಗಿತ್ತು. ಹೇಳಿ ನಾಲಿಗೆ ಕಚ್ಚಿಕೊಂಡಳು. ಅವನ ಬೆನ್ನು ಹಾಗೇ ಇತ್ತು. ಕೆಳಗೆ ಯಾರೋ ಬಕೆಟ್ಟು ಎಳೆಯುವ ಸದ್ದು. "ಹಂಗಾ" ಅಂದ. ಅವಳು ಇಲ್ಲ ತಮಾಷೆಗೆ ಅನ್ನಬಹುದಿತ್ತು. ಕತ್ತರಿ ಆಡಿಸುತ್ತಾ ಇದ್ದಳು, ತುದಿ ಸಮ ಮಾಡುತ್ತಾ, ಎಂದಿಗಿಂತ ಜಾಗರೂಕತೆಯಿಂದ. ಮುಗಿದ ಮೇಲೆ ಅವನು ಎದ್ದು ಪೇಪರಿನ ಮೇಲಿನ ಚೂರುಗಳನ್ನು ತಾನೇ ಮಡಚಿ ಕಸಕ್ಕೆ ಹಾಕಿ, ಥ್ಯಾಂಕ್ಸ್ ಕಣೆ ಅಂದ. ಮರುದಿನ ಬೆಳಿಗ್ಗೆ ಬ್ರೆಡ್ಡು ತರುತ್ತೇನೆ ಅಂತ ಹೋದವನು ಬ್ರೆಡ್ಡಿನ ಜೊತೆ ಆ ಕುತ್ತಿಗೆಯನ್ನೂ ತಂದ.

ಬುಧವಾರ ಹನ್ನೊಂದು ಗಂಟೆಗೆ ಗಡಿಯಾರದಮ್ಮ ಅವಳ ಮೇಜಿನ ಅಂಚಿಗೆ ಒರಗಿ ನಿಂತಳು. ಕಂಪನಿಯವರಿಗೆ ಏಳನೇ ಕಾರ್ಡು ಬಹಳ ಹಿಡಿಸಿಬಿಟ್ಟಿದೆಯಂತೆ. ಒಂದೇ ಮುಖಕ್ಕೆ ಇಷ್ಟು ಮಾತು ಬಂದದ್ದು ಅವರ ಕಂಪನಿಯಲ್ಲೇ ಮೊದಲಂತೆ. ಇನ್ನೊಂದು ಸುತ್ತು ಮಾಡೋಣ, ಅದೇ ಮನುಷ್ಯ ಕೂದಲು ಕತ್ತರಿಸಿಕೊಂಡರೆ ಇದೇ ಹೆಂಗಸರು ಏನನ್ನುತ್ತಾರೆ ನೋಡೋಣ ಅಂದಿದ್ದಾರಂತೆ. "ನಿನ್ನ ಗುರುತಿನವರಲ್ವಾ. ಕೇಳಿ ನೋಡು, ಕತ್ತರಿಸಿಕೊಳ್ತಾರಾ ಅಂತ. ಅವರೇನು ಸುಮ್ನೆ ಮಾಡೋದು ಬೇಡ, ಕಂಪನಿ ಏನಾದ್ರೂ ಕೊಡುತ್ತೆ." ಅವಳ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. "ಕಷ್ಟ ಮೇಡಂ." "ಯಾಕೆ? ಹೆಂಡತಿ ಒಪ್ಪಲ್ಲ ಅಂತಾರಾ?" "ಹೆಂಡತೀದೇನಿಲ್ಲ" ಅಂದಳು. ಗಡಿಯಾರದಮ್ಮ ನಕ್ಕಳು. "ಅಂಥ ಕೂದಲು ಇಟ್ಕೊಂಡಿರೋ ಗಂಡನ್ನ ಹೆಂಡತಿ ಕತ್ತರಿಸು ಅಂತ ಕಾಯ್ತಿರ್ತಾಳೆ ಬಿಡು. ನಾಳೆ ತಂದುಬಿಡು." ಎರಡು ಹೆಜ್ಜೆ ಹೋಗಿ ತಿರುಗಿ ಬಂದು, ತಗ್ಗಿದ ದನಿಯಲ್ಲಿ, "ನನಗೆ ಮಾತ್ರ ಹಾಗೇ ಇದ್ರೆ ಚೆಂದ ಅನ್ಸಿತ್ತು ಕಣೆ, ಹೇಳಬೇಡ" ಅಂದಳು. ಈಕೆಗೂ ಅವನು ಚೆಂದ ಕಂಡಿದ್ದ. ಕಾರ್ಡು ಕೇಳಿದ ವಿಧವೆಗೆ ಕಂಡಿದ್ದ, ಕಾಲೇಜಿನ ಹುಡುಗಿಗೆ ಕಂಡಿದ್ದ. ಆ ಹಾಳೆಗಳನ್ನೆಲ್ಲ ಮತ್ತೆ ತೆಗೆದು, ಏಳನೇ ಕಾರ್ಡಿನದನ್ನಷ್ಟೇ ಓದುತ್ತಾ ಹೋದಳು. ಬೈದವರೂ ಇದ್ದರು, ನಕ್ಕವರೂ ಇದ್ದರು. ಬಾಚಣಿಗೆ ಹಿಡಿದು ಹಿಂದೆ ಹೋಗುತ್ತೇನೆ ಅಂದ ಹೆಡ್‌ಮೇಡಂ ಕೂಡ ಹಿಂದೆ ಹೋಗುವವಳೇ ಅಲ್ಲವೇ. ಇನ್ನೂರ ನಲವತ್ತರಲ್ಲಿ ಅವನಿಗೆ ತಾಗುವ ಹಾಗೆ ಹೇಳಿದವಳು ಒಬ್ಬಳೇ. ಊಟದ ಡಬ್ಬಿ ತೆರೆಯದೆ ಹಾಗೇ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಬಸ್ಸಿನಲ್ಲಿ ನಿಂತು ಬರುವಾಗ ಕಣ್ಣಿಗೆ ಬಿದ್ದದ್ದೆಲ್ಲ ಗಂಡಸರ ತಲೆಗಳೇ. ಬೋಳು, ಅರೆಬೋಳು, ಎಣ್ಣೆ ಹಾಕಿ ಒತ್ತಿದ್ದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದು ಮುಚ್ಚಿದ್ದು. ಒಬ್ಬೊಬ್ಬನ ಹಿಂದೆಯೂ ಯಾರೋ ಒಬ್ಬಳು ನಿಂತು ಏನೋ ಅಂದಿರುತ್ತಾಳೆ, ಅವನು ಹಂಗಾ ಅಂದಿರುತ್ತಾನೆ. ಎಷ್ಟು ಹಗುರಾಗಿ ಅನ್ನುತ್ತೇವೆ. ಈ ಬಣ್ಣ ನಿನಗೆ ಒಪ್ಪಲ್ಲ, ಮೀಸೆ ತೆಗಿ, ಆ ಅಂಗಿ ಹಾಕಬೇಡ, ಪೆದ್ದನ ಹಾಗೆ ಕಾಣ್ತೀಯ. ಗಂಡಸರಿಗೇನಾಗುತ್ತೆ ಅಂತ ಯಾರು ಹೇಳಿಕೊಟ್ಟರೋ. ತನಗೆ ಹೆರಿಗೆಯಾಗಿ ಕೂಸು ಉಳಿಯದೆ ಹೋದ ವರ್ಷ ತಲೆಗೂದಲು ಹಿಡಿ ಹಿಡಿ ಉದುರಿದಾಗ, ಅವನು ಬಚ್ಚಲಿನ ಜಾಲರಿಯಿಂದ ಅದನ್ನು ಅವಳು ಏಳುವ ಮೊದಲೇ ತೆಗೆದು ಎಸೆಯುತ್ತಿದ್ದ. ಒಂದು ಬೆಳಿಗ್ಗೆ ಅವಳು ಬೇಗ ಎದ್ದಾಗ ಕಂಡಿತು. ಅವನು ಮಂಡಿಯೂರಿ ಕೂತಿದ್ದ, ಅವನ ಕೂದಲು ಮುಖದ ಮೇಲೆ ಬಿದ್ದು ಏನೂ ಕಾಣುತ್ತಿರಲಿಲ್ಲ. ಅದರ ಬಗ್ಗೆ ಅವನೂ ಒಂದು ಮಾತು ಆಡಲಿಲ್ಲ. ಅವನು ಆಡದೆ ಇದ್ದದ್ದು ಅವನೊಳಗೆ ಏನಾಯಿತೋ, ಸಾಲಾಗಿ ಪಳಗಲಿಲ್ಲವಲ್ಲ. ಪಕ್ಕದಲ್ಲಿದ್ದ ಹೆಂಗಸು, "ಇಳೀತೀರಾ?" ಅಂತ ಎರಡು ಸಲ ಕೇಳಿದ ಮೇಲೆ ಎಚ್ಚರವಾಗಿ ಇಳಿದಳು. ಹೇಳಿಬಿಡುವುದು ಅಂತ ನಿಶ್ಚಯವಾಗಿತ್ತು. ಕಾರ್ಡಿನದು, ಹಾಳೆಯದು, ಎಲ್ಲ. ಮೆಟ್ಟಿಲು ಹತ್ತುತ್ತಾ ಮೊದಲ ಮಾತನ್ನು ಜೋಡಿಸಿಕೊಂಡಳು.

ಅವನು ಆಗಲೇ ಬಂದು ಕಿಟಕಿಯ ಹತ್ತಿರ ಕೂತು ಪೇಪರು ನೋಡುತ್ತಿದ್ದ. ಇನ್ನೂ ಬಿಸಿಲಿತ್ತು. ಚೀಲ ಕೆಳಗಿಟ್ಟು, ಜೋಡಿಸಿಕೊಂಡದ್ದೆಲ್ಲ ಮರೆತು, "ನಿಂದೊಂದು ಫೋಟೊ ಬೇಕಿತ್ತು" ಅಂದುಬಿಟ್ಟಳು. ಅವನ ಮುಖ ಅರಳಿತು. "ನಂದಾ? ಈಗ್ಲಾ?" ಎಂದವನೇ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗಿಡ್ಡ ಕೂದಲಿಗೆ ನೀರು ಹಚ್ಚಿ ಬೈತಲೆ ತೆಗೆದುಕೊಂಡು ಬಂದು ನಿಂತ. ಬೈತಲೆ ಸೊಟ್ಟಗಿತ್ತು, ತೆಗೆದು ಅಭ್ಯಾಸವಿದ್ದರೆ ತಾನೆ. "ನಿನಗೆ ಹಿಡಿಸಲೇ ಇಲ್ಲ ಅಂದುಕೊಂಡಿದ್ದೆ. ನನ್ನ ಕಡೆ ನೋಡ್ತಾನೇ ಇರ್ಲಿಲ್ಲವಲ್ಲ" ಅಂದ. "ಹೇಗೆ ನಿಲ್ಲಲಿ?"

ಅವಳು ಫೋನು ಮೇಜಿನ ಮೇಲಿಟ್ಟು ಕೂತುಬಿಟ್ಟಳು. ಹೇಳಿದಳು. ಕಾರ್ಡು ಮಸುಕಾದದ್ದು, ತಾನು ಫೋಟೊ ಕೊಟ್ಟದ್ದು, ಯಾರಿದು ಅಂದಾಗ ಗುರುತಿನವರು ಅಂದದ್ದು. ಬಾಗಿಲಿನ ಪ್ರಶ್ನೆ, ಬೀದಿಯ ಪ್ರಶ್ನೆ, ಕಂಪನಿಯವರು ಈಗ ಇನ್ನೊಂದು ಫೋಟೊ ಕೇಳುತ್ತಿರುವುದು. ಅವನು ನಿಂತೇ ಇದ್ದ. ಸಿಟ್ಟು ಬರಲಿ, ಕೂಗಾಡಲಿ ಅಂತ ಕಾದಳು. "ಇನ್ನೂರ ನಲವತ್ತು ಜನಾನಾ?" ಅಂದ ಕೊನೆಗೆ. "ಹೂಂ." "ಎಲ್ಲಾ ಹೆಂಗಸರೇ?" "ಹೂಂ." ಅವನು ಕುರ್ಚಿ ಎಳೆದು ಅವಳೆದುರು ಕೂತ. "ಗುರುತಿನವರು ಅಂದದ್ದು ಒಂಚೂರು ಜಾಸ್ತಿ ಆಯ್ತು. ಹೋಗ್ಲಿ. ಏನಂದ್ರು?" ಒಂದೊಂದಾಗಿ ಹೇಳಿದಳು. ಸರಪಳಿಯ ಗುಮಾಸ್ತೆಗೆ ಅವನು ನಕ್ಕ. ಹೆಂಡತಿಯ ಪಾಲನ್ನೂ ಬೆಳೆಸಿದವನು ಅಂದದ್ದಕ್ಕೆ ಅವಳ ಜಡೆಯತ್ತ ನೋಡಿ ಇನ್ನೂ ಜೋರಾಗಿ ನಕ್ಕ. ಕಾರ್ಡು ಕೇಳಿದ ವಿಧವೆಯ ಸುದ್ದಿಗೆ ನಗು ನಿಲ್ಲಿಸಿ, ಕೊಟ್ರಾ ಅಂತ ಕೇಳಿದ. ಇಲ್ಲ ಅಂದಳು. ಕೊಡಬೇಕಿತ್ತು ಅಂದ.

ಆಮೇಲೆ ಉಗುರಿನಿಂದ ಮೇಜಿನ ಮೇಲಿನ ಗೀರೊಂದನ್ನು ಕೆರೆಯುತ್ತಾ, ತಲೆ ಎತ್ತದೆ, "ಆವತ್ತು ನೀನು ಹೇಳಿದೆಯಲ್ಲ," ಅಂದ. "ಏನೋ ಆಗಬೇಕು ಅಂತ ಹೊರಟು, ಆಗದೆ, ಕೂದಲು ಮಾತ್ರ ಉಳಿಸಿಕೊಂಡವನ ಹಾಗೆ." ಒಂದು ಅಕ್ಷರ ಬಿಟ್ಟಿರಲಿಲ್ಲ. "ಅದು?"

ಅವಳು ಬಾಯಿ ತೆರೆದಳು. "ಅದೂ ಅದರಲ್ಲೇ ಇತ್ತು."

"ಯಾರೋ ಬರೆದದ್ದಾ?"

"ಹೂಂ. ಇನ್ನೂರ ನಲವತ್ತನೇ ಹಾಳೆ."

ಸುಳ್ಳಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ಅವನು ತಲೆ ಎತ್ತಿದ್ದ. ನಾಲ್ಕು ದಿನದಿಂದ ಆ ಮುಖದಲ್ಲಿ ಏನು ಕೂತಿತ್ತು ಅನ್ನುವುದು ಅದು ಎದ್ದು ಹೋಗುವಾಗ ಅವಳಿಗೆ ಕಾಣಿಸಿತು. "ಅಯ್ಯೋ ನಿನ್ನ, ಮೊದಲೇ ಹೇಳೋದಲ್ವಾ" ಅಂದ. "ನಿನ್ನ ಮಾತು ಅಂದುಕೊಂಡೆ ಕಣೆ. ನಿನಗೇ ಹಾಗನ್ಸಿದ್ರೆ ಇನ್ನೇನು, ಹಾಗೇ ಇರ್ಬೇಕು ಅಂತ ಹೋಗಿ ಕೂತೆ. ಕ್ಷೌರದವನು ಮೆಷಿನ್ನು ಹಚ್ಚುವಾಗ ಎದ್ದು ಬಂದುಬಿಡೋಣ ಅನ್ಸಿತು. ಗೊತ್ತಿಲ್ಲದ ಯಾವಳೋ ಅಂದಿದ್ದಕ್ಕೆ ಹೋಗಿ ಕತ್ತರಿಸ್ಕೊಳ್ತಿದ್ನಾ ನಾನು?" ಅವಳ ಕೈ ಹಿಡಿದುಕೊಂಡ. ಈಗ ಹೇಳಬೇಕು, ಈ ಉಸಿರಿನಲ್ಲಿ ಹೇಳದಿದ್ದರೆ ಇನ್ನು ಇಲ್ಲ ಅಂತ ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಅವನ ಕೈ ಬೆಚ್ಚಗಿತ್ತು. "ಮತ್ತೆ ಬೆಳೆಸು" ಅಂದಳು. "ಬೆಳೆಸ್ತೀನಿ" ಅಂದ.

ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತವನು ಏನೋ ಯೋಚನೆ ಮಾಡುತ್ತಿದ್ದ. "ಆ ಹೆಂಗಸಿಗೆ ಎಷ್ಟು ವಯಸ್ಸು?"

"ನಲವತ್ತರ ಮೇಲೆ."

"ಮದುವೆಯಾಗಿದೆಯಾ?"

"ಆಗಿದೆ."

"ಪಾಪ" ಅಂದ. "ಅವಳ ಮನೇಲೂ ಯಾರೋ ನನ್ನಂಥವನೇ ಇದಾನೆ ಕಣೆ. ಇಲ್ದಿದ್ರೆ ಬರೀ ಮುಖ ನೋಡಿ ಅಷ್ಟು ಸರಿಯಾಗಿ ಹೇಳಕ್ಕಾಗಲ್ಲ." ಅಂಗಿಯ ಕಾಲರು ಸರಿ ಮಾಡಿಕೊಂಡ. "ಈ ಸಲದ ಫೋಟೊ ಆಕೆಗೂ ತೋರಿಸ್ತಾರಾ?"

"ತೋರಿಸ್ತಾರೆ."

"ಹಾಗಾದ್ರೆ ಚೆನ್ನಾಗಿ ತೆಗಿ. ನಂಗೇನೂ ಬೇಜಾರಿಲ್ಲ ಅಂತ ಗೊತ್ತಾಗ್ಲಿ ಅವಳಿಗೆ."

ಅವಳು ಫೋನು ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ಪರದೆಯ ಮೇಲೆ ದೊಡ್ಡ ಕಿವಿಗಳ, ಸೊಟ್ಟ ಬೈತಲೆಯ ಗಂಡಸು ಆ ಹೆಂಗಸನ್ನು ನೆಟ್ಟಗೆ ನೋಡಿ, ಬಹಳ ಪ್ರೀತಿಯಿಂದ, ನಗುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ತುಟಿ ಅಲುಗಿಸದೆ, "ತೆಗೆದ್ಯಾ?" ಅಂತ ಕೇಳಿದ.

"ಇನ್ನೂ ಇಲ್ಲ" ಅಂದಳು.